ಬಿಸ್ಕತ್ತಿನ ಡಬ್ಬಿಯ ಚೀಟಿಗಳು

ಭಾನುವಾರ, ಮಧ್ಯಾಹ್ನ

ಅಕ್ಕನಿಗೆ,

ನಿನ್ನ ಮೊದ್ದು ತಂಗಿಯ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ನೀನು ಹೇಗಿದ್ದೀ ಎಂದು ಕೇಳುವುದಿಲ್ಲ, ನಿನ್ನ ಪತ್ರ ಓದಿದರೇ ಗೊತ್ತಾಗುತ್ತದೆ. ಇಷ್ಟು ವರ್ಷ ಒಂದು ಸಾಲು ಗೀಚದವಳು ಈಗ ಹಾಳೆಯ ಎರಡೂ ಕಡೆ ತುಂಬಿಸಿದ್ದೀಯ. ಸಂಶೋಧನಾ ಪತ್ರಿಕೆಗೆ ನಾವು ಕಳಿಸಿದ ದೂರನ್ನು ಹಿಂದಕ್ಕೆ ತೆಗೆದುಕೋ, ನರ್ಸಿಂಗ್ ನಿರ್ದೇಶಕಿಯ ಆಯ್ಕೆಗೆ ಮುಂದಿನ ವಾರವೇ ಸಭೆಯಿದೆ, ಈಗ ನನ್ನ ಮಾನ ಕಳೆಯಬೇಡ ಎಂದಿದ್ದೀಯ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ನಾವು ಎಂದೂ ನೆನಪಿಸಿದ್ದೀಯ. ಪರವಾಗಿಲ್ಲ, ನಿನಗೂ ನೆನಪಿದೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಇಲ್ಲ. ತೆಗೆದುಕೊಳ್ಳುವುದಿಲ್ಲ. ಉಳಿದದ್ದನ್ನು ಓದಿದರೆ ಓದು, ಬಿಟ್ಟರೆ ಬಿಡು.

ಅಪ್ಪನಿಗೆ ಪಾರ್ಶ್ವವಾಯು ಹೊಡೆದಾಗ ನಾನು ನರ್ಸಿಂಗ್ ಎಂ.ಎಸ್ಸಿ. ಬಿಟ್ಟು ಮನೆಗೆ ಹೋದೆ. ನಿನಗೆ ರಜೆ ಸಿಗಲಿಲ್ಲ, ಅಥವಾ ನೀನು ಕೇಳಲಿಲ್ಲ, ಅದು ದೇವರಿಗೇ ಗೊತ್ತು. ಅದಕ್ಕೂ ಮೊದಲು ಆ ಓದಿಗೆಂದು, ಡ್ಯೂಟಿ ಮುಗಿಸಿ, ಕಾಲು ಬಾತುಕೊಂಡಿದ್ದರೂ, ವಾರ್ಡಿನಿಂದ ವಾರ್ಡಿಗೆ ಹೋಗಿ ರೋಗಿಗಳ ಮಂಚದ ಪಕ್ಕ ಕೂತು ತುಂಬಿಸಿಕೊಂಡ ಪ್ರಶ್ನಾವಳಿಗಳು ನನ್ನವು. ಅದನ್ನೆಲ್ಲ ಕಂಪ್ಯೂಟರಿಗೆ ಹಾಕಿದವಳೂ ನಾನೇ. ಜೋಪಾನವಾಗಿ ಇಟ್ಟಿರ್ತೀನಿ ಕೊಡೇ ಎಂದೆ ನೀನು. ಕೊಟ್ಟೆ. ನಾನು ಅಪ್ಪನ ಬೆನ್ನು ಒರೆಸಿ ಮಗ್ಗುಲು ಬದಲಿಸುತ್ತಿದ್ದ ಕಾಲಕ್ಕೆ ಅದು ಪ್ರಬಂಧವಾಗಿ ನಿನ್ನ ಹೆಸರಲ್ಲಿ ಅಚ್ಚಾಗಿ ಬಂತು. ಎಲ್ಲೋ ಒಂದು ಮೂಲೆಯಲ್ಲಿ ನನ್ನ ಹೆಸರೂ ಇದ್ದೀತು ಎಂದು ಪುಟ ತಿರುವಿದೆ. ಎಳ್ಳಷ್ಟೂ ಇರಲಿಲ್ಲ. ಕೇಳಿದ್ದಕ್ಕೆ, ಹೇಗೂ ನೀನು ಓದು ಬಿಟ್ಟೆಯಲ್ಲ ಮೊದ್ದು, ಸುಮ್ನೆ ಹಾಳಾಗಿ ಹೋಗ್ತಿತ್ತು ಎಂದು ನೀನು ನಕ್ಕೆ. ಅಮ್ಮನೂ, ಅಕ್ಕ ತಾನೇ, ಹೋಗ್ಲಿ ಬಿಡೇ ಎಂದಳು.

ಕದ್ದದ್ದನ್ನು ನೆಟ್ಟಗಾದರೂ ಬಳಸಬಾರದಿತ್ತೇ? ನಿನಗೆ ನೆನಪಿರಲಿ ಎಂದು ಬರೆಯುತ್ತೇನೆ. ಆ ಪ್ರಶ್ನಾವಳಿಯಲ್ಲಿ ಕೆಲವು ಪ್ರಶ್ನೆಗಳು ನೇರ: ಕರೆದರೆ ನರ್ಸ್ ಬರುತ್ತಾರೆಂಬ ಧೈರ್ಯ ನನಗಿದೆ. ಹೆಚ್ಚಿನವು ತಿರುಗು: ಕರೆಗಂಟೆ ಒತ್ತಲು ನನಗೆ ಭಯ. ತಿರುಗು ಪ್ರಶ್ನೆಗೆ ಹೌದು ಎಂದವರಿಗೆ ಧೈರ್ಯದ ಅಂಕ ಹೆಚ್ಚು ಹೋಗಬಾರದು, ಕಡಿಮೆ ಹೋಗಬೇಕು. ಹಾಗಾಗಿ ಕೂಡುವ ಮೊದಲು ಆ ಅಂಕಗಳನ್ನು ತಿರುಗಿಸಬೇಕು. ನಾನು ತಿರುಗಿಸಿಯೇ ಇಟ್ಟಿದ್ದೆ. ನೀನು ನನ್ನನ್ನೊಂದು ಮಾತು ಕೇಳದೆ ಮತ್ತೆ ತಿರುಗಿಸಿದೆ. ಒಳಗು ಹೊರಗು ಸರಿಮಾಡಿ ಮಡಿಸಿಟ್ಟ ಅಂಗಿಯನ್ನು ಮತ್ತೆ ತಿರುವಿದ ಹಾಗೆ. ಹೆದರಿ ಮುದುಡಿಕೊಂಡಿದ್ದವರೆಲ್ಲ ನಿನ್ನ ಲೆಕ್ಕದಲ್ಲಿ ನೆಮ್ಮದಿಯಾಗಿದ್ದವರಾದರು. ವಾರ್ಡಿನಲ್ಲಿ ನರ್ಸುಗಳು ಕಡಿಮೆಯಾದರೂ ರೋಗಿಗಳ ಧೈರ್ಯಕ್ಕೆ ಕುಂದಿಲ್ಲ ಎಂದು ಬರೆದೆ. ಆಸ್ಪತ್ರೆ ನಡೆಸುವವರಿಗೆ ಇನ್ನೇನು ಬೇಕು? ನಿನ್ನನ್ನು ತಲೆಯ ಮೇಲೆ ಹೊತ್ತು ಕುಣಿದರು. ಲೆಕ್ಕ ತಲೆಕೆಳಗಾಗಿದೆ ಎಂದು ನಾನು ಅವತ್ತೇ ನಿಮ್ಮ ನರ್ಸಿಂಗ್ ಕಾಲೇಜಿನ ಪ್ರಾಂಶುಪಾಲರ ಮುಂದೆ ನಿಂತು ಹೇಳಿದೆ. ಒಡಹುಟ್ಟಿದವಳ ಏಳಿಗೆ ಕಂಡು ಇಷ್ಟು ಹೊಟ್ಟೆಕಿಚ್ಚೇನಮ್ಮ ಎಂದು ಬಾಗಿಲು ತೋರಿಸಿದರು. ನೀನು ಅಲ್ಲೇ ಕೂತು ಉಗುರು ನೋಡಿಕೊಳ್ಳುತ್ತಿದ್ದೆ.

ಆಮೇಲೆ ನಾನೂ ಓದಿದೆ. ಹಲ್ಲು ಕಚ್ಚಿಕೊಂಡು ಓದಿದೆ. ಈಗ ನರ್ಸಿಂಗ್ ಪಿಎಚ್.ಡಿ. ಮಾಡುವವರಿಗೆ ಅಂಕಿಅಂಶದ ಸಂಶೋಧನೆ ಹೇಗೆ ಮಾಡಬೇಕೆಂದು ಕಲಿಸುತ್ತೇನೆ. ಸೂಜಿ ಹಾಕುವಾಗ ನಡುಗದ ಕೈಗಳು ಸರಾಸರಿ ಎಂದರೆ ನಡುಗುತ್ತವೆ, ಪಾಪ. ಅದಕ್ಕೇ ಪ್ರತಿ ವರ್ಷ ಒಂದು ಆಟ ಇಟ್ಟಿದ್ದೇನೆ. ಅಚ್ಚಾದ ಒಂದು ಪ್ರಬಂಧ ಕೊಡುತ್ತೇನೆ, ಬರೆದವರ ಹೆಸರು ಕತ್ತರಿಸಿ. ಹೆಸರು ಕಂಡರೆ ಭಕ್ತಿ ಬರುತ್ತದಲ್ಲ. ಅದನ್ನು ಕೊಳೆ ಬಿಡುವ ತನಕ ಕುಕ್ಕಬೇಕು. ಮಕ್ಕಳು ಅದಕ್ಕೆ ಒಗೆತದ ತರಗತಿ ಎಂದು ಹೆಸರಿಟ್ಟಿದ್ದಾರೆ. ಯಾವ ಪ್ರಬಂಧ ಎಂದು ನಾನು ಆರಿಸುವುದಿಲ್ಲ. ಬಿಸ್ಕತ್ತಿನ ಡಬ್ಬಿಯಲ್ಲಿ ಚೀಟಿಗಳಿರುತ್ತವೆ, ಒಬ್ಬರು ಕೈ ಹಾಕಿ ಎತ್ತುತ್ತಾರೆ. ಎಲ್ಲಕ್ಕೂ ಸಮಾನ ಅವಕಾಶ, ನಮ್ಮ ಶಾಸ್ತ್ರದ ಮೊದಲ ಪಾಠವೇ ಅದು.

ಈ ವರ್ಷ ಎತ್ತಿದವಳು ನಿನ್ನ ಮಗಳು. ಬಂದದ್ದು ನಿನ್ನ ಪ್ರಬಂಧ. ನನ್ನ ಮಗಳನ್ನು ನನ್ನ ಮೇಲೆ ಎತ್ತಿಕಟ್ಟಿದೆ ಎಂದು ಬರೆದಿದ್ದೀಯಲ್ಲ, ನಾನೇನು ಮಾಡಲಿ? ಚೀಟಿ ಎತ್ತಿದ್ದು ಅವಳ ಕೈ.

ಅವತ್ತಿನ ತರಗತಿ ನೀನು ನೋಡಬೇಕಿತ್ತು ಅಕ್ಕ. ಚಿನ್ನಿ ನಿನ್ನ ಹಾಗೆಯೇ ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಕೋಷ್ಟಕದ ಮೇಲೆ ಬಾಗಿದ್ದಳು. ಚಿಕ್ಕಮ್ಮ, ಅಂದಳು, ತರಗತಿಯಲ್ಲೂ ಮರೆತು ಚಿಕ್ಕಮ್ಮ ಎಂದುಬಿಡುತ್ತಾಳೆ, ಎಲ್ಲರೂ ನಗುತ್ತಾರೆ. ಚಿಕ್ಕಮ್ಮ, ಗಂಟೆ ಒತ್ತೋಕೆ ಹೆದರೋರೇ ಜಾಸ್ತಿ ಧೈರ್ಯವಾಗಿದಾರಂತೆ ಇಲ್ಲಿ, ಇದೆಂಥ ವಿಚಿತ್ರ? ಅಯ್ಯೋ, ಎರಡೆರಡು ಸಲ ತಿರುಗಿಸಿದಾರೆ! ಯಾವ ಮೊದ್ದು ಬರೆದಿದ್ದು ಇದನ್ನ? ಇಡೀ ತರಗತಿ ಗೊಳ್ಳೆಂದಿತು. ಮೊದ್ದು ಅಂದಳು ಅಕ್ಕ, ನಿನ್ನ ಮಗಳೇ, ನಿನ್ನನ್ನೇ. ನನ್ನ ಹೊಟ್ಟೆ ಎಷ್ಟು ತಣ್ಣಗಾಯಿತೆಂದರೆ ಕರಿಹಲಗೆಯ ಕಡೆ ತಿರುಗಿ ನಿಲ್ಲಬೇಕಾಯಿತು.

ಬರಿಯ ಅನುಮಾನ ಸಾಲದು, ನೀವೇ ಅಳೆದು ನೋಡಿ ಎಂದೆ. ಅದೇ ಪ್ರಶ್ನಾವಳಿ ಹಿಡಿದು ಎಲ್ಲರೂ ತಮ್ಮ ತಮ್ಮ ಆಸ್ಪತ್ರೆಗಳ ವಾರ್ಡಿಗೆ ಹೋದರು. ನರ್ಸುಗಳು ಕಡಿಮೆಯಿದ್ದ ಕಡೆಯಲ್ಲೆಲ್ಲ ರೋಗಿಗಳ ಭಯ ಹೆಚ್ಚು. ಯಾರ ಲೆಕ್ಕವೂ ನಿನ್ನ ಕಡೆ ನಿಲ್ಲಲಿಲ್ಲ. ನಿನ್ನ ಪ್ರಬಂಧ ತೋರಿಸಿಯೇ ಅವರಲ್ಲಿ ಒಬ್ಬಳ ವಾರ್ಡಿಗೆ ಹೆಚ್ಚಿನ ನರ್ಸ್ ಕೊಡಲು ಆಗುವುದಿಲ್ಲ ಎಂದಿದ್ದರಂತೆ. ಅವಳು ಅದನ್ನು ಹೇಳುತ್ತಾ ಅತ್ತುಬಿಟ್ಟಳು.

ಆಮೇಲೆ ಹೆಸರಿನ ಚೂರು ತೆಗೆದು ಮೇಜಿನ ಮೇಲಿಟ್ಟೆ. ಚಿನ್ನಿಯ ಮುಖ ಬಿಳಿಚಿಕೊಂಡಿತು. ಪತ್ರಿಕೆಗೆ ಎಲ್ಲರೂ ಸೇರಿ ಬರೆಯುವ ದೂರಿಗೆ ನೀನು ಸಹಿ ಹಾಕಬೇಕಾಗಿಲ್ಲ ಕಣೇ ಎಂದೆ, ಸತ್ಯವಾಗಿಯೂ ಎಂದೆ. ತಪ್ಪು ಕಂಡುಹಿಡಿದೋಳು ನಾನು, ಮೊದಲನೇ ಸಹಿ ನಂದೇ ಎಂದಳು. ಅವಳ ಸಹಿಯನ್ನಾದರೂ ತೆಗೆಸು ಎಂದು ಬೇಡಿದ್ದೀಯ. ಅವಳನ್ನೇ ಕೇಳು. ನಿನ್ನ ಬೇಳೆ ನನ್ನ ಹತ್ತಿರ ಬೇಯುವ ಕಾಲ ಮುಗಿಯಿತು. ಸಭೆಯವರ ಮುಂದೆ ಹೋಗಿ ನಿಲ್ಲು, ನಾನು ನಿಂತಿದ್ದ ಹಾಗೆ. ಯಾರಾದರೂ ಹೊಟ್ಟೆಕಿಚ್ಚು ಎಂದಾರೇನೋ ನೋಡೋಣ.

ಅಮ್ಮನ ಮಂಡಿನೋವಿನ ಮಾತ್ರೆ ಬದಲಾಗಿದೆ. ಹಳೆಯದನ್ನು ಕೊಡಬೇಡ.

ಇಂತಿ,
ನೀನು ಹೆಸರಿಟ್ಟ
ಮೊದ್ದು

ಮರೆತ ಮಾತು: ಸೋಮವಾರ ಬರೆಯುತ್ತಿದ್ದೇನೆ. ಮೇಲಿನದನ್ನು ಲಕೋಟೆಗೆ ಹಾಕುವಷ್ಟರಲ್ಲಿ ಚಿನ್ನಿ ನನ್ನ ಕೋಣೆಗೆ ಬಂದಳು. ಎತ್ತಿಕಟ್ಟಿದ ಮಾತನ್ನು ನೀನು ಅವಳಿಗೂ ಬರೆದಿದ್ದೀಯಂತೆ. ನಾನು ಚೀಟಿಯ ಕಥೆ ಹೇಳಿದೆ. ಸರಿ, ಡಬ್ಬಿ ಕೊಡಿ ಎಂದಳು. ಅದು ಕಪಾಟಿನ ಮೇಲೆ ಹಾಗೆಯೇ ಇತ್ತು. ಖಾಲಿ ಮಾಡಲು ನನಗೆ ಹೊಳೆದೇ ಇರಲಿಲ್ಲ ನೋಡು, ಮೊದ್ದು ಎಂದರೆ ಮೊದ್ದೇ. ಒಂದೊಂದೇ ಚೀಟಿ ಬಿಡಿಸಿ ಮೇಜಿನ ಮೇಲೆ ಸಾಲಾಗಿ ಇಟ್ಟಳು. ಎಲ್ಲದರಲ್ಲೂ ನಿನ್ನ ಪ್ರಬಂಧವೇ.

ಅವಳು ಕೂಗಾಡಲಿಲ್ಲ. ಅಮ್ಮ ಎರಡು ಸಲ ತಿರುಗಿಸಿದ್ದು ಗೊತ್ತಿಲ್ಲದೆ, ನೀವು ಡಬ್ಬಿ ತುಂಬಿಸಿದ್ದು ಗೊತ್ತಿದ್ದೂ ಎಂದಳು. ಇದನ್ನ ನೀವೇ ಅಮ್ಮನಿಗೆ ಬರೀರಿ, ಇಲ್ಲಾಂದ್ರೆ ನಾನು ಹೇಳ್ತೀನಿ ಎಂದಳು. ದೂರಿನ ಮೇಲಿನ ಸಹಿ ಹಾಗೇ ಇರಲಿ, ಲೆಕ್ಕ ಲೆಕ್ಕವೇ ಅಂತೆ. ಆದರೆ ಪಿಎಚ್.ಡಿ.ಗೆ ನನ್ನನ್ನು ಬಿಟ್ಟು ಬೇರೆ ಮಾರ್ಗದರ್ಶಕರನ್ನು ಕೇಳಿ ಅರ್ಜಿ ಕೊಟ್ಟು ಬಂದಿದ್ದಾಳೆ. ಶನಿವಾರ ಅವಳು ನಿನ್ನ ಹತ್ತಿರ ಬರುತ್ತಾಳೆ. ಮನೆಯಲ್ಲಿರು.

ಹೊರಡುವಾಗ ಬಾಗಿಲಲ್ಲಿ ನಿಂತು, ಬರ್ತೀನಿ ಮೇಡಂ ಎಂದಳು.