ನಾನು ಹಾಕಿದ ಬೆಸುಗೆ

೧೪-೩-೧೯೮೩, ಸೋಮವಾರ

ನಾಳೆ ಬೆಳಿಗ್ಗೆಯಿಂದ ಪಕ್ಕದ ಮನೆ ಹುಚ್ಚಣ್ಣ ತೆಂಗಿನಕಾಯಿ ಸುಲಿಯೋಕೆ ಶುರು ಮಾಡ್ತಾನೆ. ನೆಲಕ್ಕೆ ನೆಡೋ ಚೂಪು ಕಬ್ಬಿಣ, ನಾನು ಬೆಸುಗೆ ಹಾಕಿಕೊಟ್ಟಿದ್ದು, ಅದರಲ್ಲೇ ಸುಲಿತಾನೆ.

ಮುರಿದಿದ್ದನ್ನ ಶುಕ್ರವಾರ ತಿಪಟೂರಿಗೆ, ವೆಲ್ಡಿಂಗ್ ಕಲಿಯೋ ಕಡೆಗೆ ತಗೊಂಡು ಹೋಗಿ ನಾನೇ ಕೂಡಿಸಿದ್ದೆ. ನೋಡೋಕೆ ಚೆನ್ನಾಗೇ ಇದೆ. ಆದರೆ ಅವತ್ತೇ ನಾನು ಕೂಡಿಸಿದ್ದ ಇನ್ನೊಂದು ತುಂಡಿಗೆ ಇವತ್ತು ಮೇಷ್ಟ್ರು ಸುತ್ತಿಗೇಲಿ ಒಂದೇಟು ಹೊಡೆದರು, ಎರಡಾಯ್ತು. ಒಳಗೆಲ್ಲ ಕರೀ ಕಿಟ್ಟ, ಕಬ್ಬಿಣಕ್ಕೆ ಕಬ್ಬಿಣ ಕೂಡೇ ಇರಲಿಲ್ಲ. "ಇದು ಬೆಸುಗೆಯಲ್ಲ ಕಣಯ್ಯ, ಮೇಲೆ ಬಳಿದಿದ್ದೀಯ" ಅಂದರು.

ಬಸ್ ಇಳಿದವನೇ ಹುಚ್ಚಣ್ಣನ ಹತ್ರ ಹೋದೆ. ಕಬ್ಬಿಣ ವಾಪಸ್ ಕೊಡಣ್ಣ, ಅದು ನಿಲ್ಲಲ್ಲ ಅಂದೆ. ನಕ್ಕುಬಿಟ್ಟ.

"ಹೋದ್ವರ್ಸ ಅಟ್ಟ ಬೀಳ್ತದೆ ಅಂದೆ, ಬಿತ್ತಾ? ಬಾವಿ ಕುಸೀತದೆ ಅಂದೆ. ನಿನ್ ಮಾತು ಕೇಳುದ್ರೆ ಉಸ್ರಾಡಂಗೂ ಇಲ್ಲ ಬುಡ್ಲಾ."

ಅವನ ಹೆಂಡತಿ ಅಂಕಮ್ಮನೂ ನಕ್ಕಳು. ಎಂಟನೇ ಕ್ಲಾಸಿಗೇ ಬಿಟ್ಟವನು ನಾನು, ಕಿಟ್ಟದ ವಿಷಯ ಮೇಷ್ಟ್ರ ಹಾಗೆ ಬಿಡಿಸಿ ಹೇಳೋಕೆ ಬರಲಿಲ್ಲ.

ಸುಲಿಯೋವಾಗ ಅವನು ಬಗ್ಗಿ ಮೈಭಾರನೆಲ್ಲ ಆ ಮೊನೆ ಮೇಲೆ ಹಾಕ್ತಾನೆ. ನಡುವೆ ಮುರಿದರೆ ನೆಲದಲ್ಲಿ ಉಳಿದ ತುಂಡು ನೇರ ಹೊಟ್ಟೆಗೇ.

ದೇವರೇ, ಇದೂ ನನ್ನ ಸುಮ್ಮನೆ ಭಯವೇ ಆಗಲಿ, ಪುಕ್ಕಲ ಅಂತ ಊರೆಲ್ಲ ನಗಲಿ. ಬೆಳಿಗ್ಗೆ ಹೋಗಿ ಅವನ ಪಕ್ಕದಲ್ಲೇ ನಿಂತುಕೊಳ್ತೀನಿ. ನಿಂತುಕೊಂಡು ಏನು ಮಾಡೋದು, ಅದೇ ಗೊತ್ತಾಗ್ತಿಲ್ಲ.