ದ್ವೀಪಕ್ಕೆ ಮೂರು ಸೀಟು

ಮನೆಯಿಂದ, ಹೊಲಿಗೆ ಕೋಣೆ
ಹನ್ನೆರಡನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಸಣ್ಣಾ,

ಹೇಗಿದ್ದೀಯೋ? ಕೆಮ್ಮು ವಾಸಿಯಾಯಿತೇ? ಆ ದ್ವೀಪದಲ್ಲಿ ಕಾಣೆಯಾಗಿ ಒಂಬತ್ತು ವರ್ಷ ಕಳೆದ ತಮ್ಮನಿಗೆ, ಹುಡುಕುವವರೂ ಹುಡುಕಿ ಕೈಚೆಲ್ಲಿ ಕೂತ ಮೇಲೆ, ಇನ್ನೆಂಥ ಕೆಮ್ಮು ಎಂದು ಯಾರಾದರೂ ನಕ್ಕಾರು. ನಗಲಿ ಬಿಡು. ಕೊನೆಯ ಸಲ ಫೋನ್ ಮಾಡಿದಾಗ ನೀನು ಕೆಮ್ಮುತ್ತಿದ್ದೆ, ಆಮೇಲೆ ಅದೇನಾಯಿತೆಂದು ನನಗೆ ಯಾರೂ ಹೇಳಲಿಲ್ಲ, ಹಾಗಾಗಿ ಕೇಳುತ್ತೇನೆ. ನಾನು ಚೆನ್ನಾಗಿದ್ದೇನೆ. ಶಾಲೆ ಶುರುವಾಗುವ ಕಾಲ, ಸಮವಸ್ತ್ರದ ಬಟ್ಟೆ ರಾಶಿ ಬಿದ್ದಿದೆ, ಕಾಲಿಡಲು ಜಾಗವಿಲ್ಲ. ಅಮ್ಮನ ಮಂಡಿ ಕೈಕೊಟ್ಟಿದೆ. ಮಂಡಿ ಹೇಗೆ ಕೈಕೊಡುತ್ತದೆ ಎಂದು ನೀನಿದ್ದಿದ್ದರೆ ಕೇಳಿ ಅವಳಿಂದ ಬೈಸಿಕೊಳ್ಳುತ್ತಿದ್ದೆ.

ಈಗ ಸುದ್ದಿ. ನಿನ್ನ ಭಾವ ನಿವೃತ್ತರಾದರು. ಇಷ್ಟು ವರ್ಷ ಡಿಪೋದಲ್ಲಿ ಬಸ್ಸುಗಳ ಅಡಿಯಲ್ಲಿ ಮಲಗಿಕೊಂಡೇ ಕಾಲ ಕಳೆದವರಿಗೆ ಈಗ ಹಕ್ಕಿ ನೋಡುವ ಹುಚ್ಚು ಹಿಡಿದಿದೆ. ದುರ್ಬೀನು ತಂದರು. ಮೊದಲ ದಿನವೇ ಎದುರು ಮನೆಯ ಬಾಲ್ಕನಿ ಕಡೆ ತಿರುಗಿಸಿದ್ದಕ್ಕೆ ಆ ಮನೆಯ ಯಜಮಾನಿ ನಮ್ಮ ಬಾಗಿಲಿಗೆ ಬಂದು ಮಂಗಳಾರತಿ ಎತ್ತಿ ಹೋದಳು. ಆಮೇಲೆ ಒಂದು ದಿನ ಊಟ ಮಾಡುತ್ತ, "ಜನಾನೇ ಇಲ್ಲದ ಕಡೆ ಹೋಗಿ ಪ್ರಾಣಿ ಪಕ್ಷಿ ನೋಡ್ಕೊಂಡು ಬರೋಣ ಕಣೇ" ಎಂದರು. ಪ್ರವಾಸದ ಆಫೀಸಿನಿಂದ ತಂದ ಚಿತ್ರದ ಪುಸ್ತಕದಲ್ಲಿ ಎರಡು ಹಾಳೆ ಪಿನ್ನು ಹಾಕಿ ಮುಚ್ಚಿದ್ದರು, ನನಗೆ ಕಾಣಬಾರದೆಂದು. ಪಾಪ, ಪಿನ್ನು ಕೀಳುವುದೇ ನನ್ನ ಕಸುಬು ಎನ್ನುವುದು ಅವರಿಗೆ ಹೊಳೆಯಲಿಲ್ಲ. ತೆಗೆದು ನೋಡಿದರೆ ನಿನ್ನ ದ್ವೀಪಗಳು. ಬಂಡೆಯ ಮೇಲೆ ಹೊಟ್ಟೆ ಚೆಲ್ಲಿಕೊಂಡು ಮಲಗಿದ ಕಡಲಸಿಂಹಗಳು, ಸಾಲುಗಟ್ಟಿದ ಪೆಂಗ್ವಿನ್‌ಗಳು, ಅವುಗಳ ಹಿಂದೆ ನೀನು ಸಂಶೋಧಕರಿಗೆ ಅಡುಗೆ ಮಾಡುತ್ತಿದ್ದ ತಗಡಿನ ಮನೆ. ಈಗ ಅದು ಪ್ರವಾಸಿಗರು ಒದ್ದೆ ಬೂಟು ಬಿಡುವ ಜಾಗವಂತೆ! ಹೋಗುವುದಾದರೆ ಇಲ್ಲಿಗೇ ಹೋಗೋಣ ಎಂದೆ. ಅವರು ನಾನು ಕಿತ್ತ ಪಿನ್ನುಗಳನ್ನು ಒಂದೊಂದಾಗಿ ಆಯ್ದು ನನ್ನ ಡಬ್ಬಿಗೆ ಹಾಕಿದರು.

ವಿಚಾರಿಸಲು ಆಫೀಸಿಗೆ ಹೋದಾಗ ಅಮ್ಮನೂ ಜೊತೆಗೆ ಹೊರಟಳು, ಒಬ್ಬಳೇ ಮನೆಯಲ್ಲಿ ಕೂತು ಗೋಡೆ ನೋಡಲಾರೆ ಎಂದು. ಅಲ್ಲಿದ್ದ ಹೆಂಗಸು ತಾನೇ ಆ ದ್ವೀಪಗಳಿಗೆ ಜನರನ್ನು ಕರೆದೊಯ್ಯುತ್ತಿದ್ದವಳು. ಸಮುದ್ರದ ಗಾಳಿಗೆ ಒಡೆದ ತುಟಿ, ದೊಡ್ಡ ಗಂಟಲು, ಒಳ್ಳೆಯವಳು. ಅಲ್ಲಿ ತುಂಬಿಕೊಂಡು ಬಂದ ಸದ್ದುಗಳನ್ನು ಫೋನಿನಲ್ಲಿ ಕೇಳಿಸಿದಳು. ಕಡಲಸಿಂಹ ತೇಗಿದ್ದಕ್ಕೆ ನಿನ್ನ ಭಾವ ಬಿದ್ದು ಬಿದ್ದು ನಕ್ಕರು. ಆಮೇಲೆ ಅವಳು, "ಇದೊಂದು ಕಂದು ಹಕ್ಕಿ, ನೋಡೋಕೆ ಏನೂ ಇಲ್ಲ, ಆದ್ರೆ ಕೇಳಿ" ಎಂದಳು. ಗಾಳಿಯ ಸದ್ದಿನ ನಡುವಿನಿಂದ ನಮ್ಮ ಮನೆಯ ಸಿಳ್ಳೆ ಬಂತು.

ನಮ್ಮ ಸಿಳ್ಳೆಯ ವಿಷಯ ನಿನಗೆ ಗೊತ್ತಿಲ್ಲದ್ದೇನಲ್ಲ, ಬರೆದರೆ ನನ್ನ ಜೀವಕ್ಕೆ ಸಮಾಧಾನ, ಅದಕ್ಕೇ ಬರೆಯುತ್ತೇನೆ. ಅಪ್ಪ ಮರ ಕೊಯ್ಯುವ ಮಿಲ್ಲಿನಲ್ಲಿದ್ದ ಕಾಲ. ಮಿಲ್ಲಿನ ಹಿಂದೆಯೇ ಮನೆ. ಗರಗಸ ಶುರುವಾದರೆ ಗಂಟಲು ಹರಿದುಕೊಂಡು ಕೂಗಿದರೂ ಮಾತು ಕೇಳದು, ಸಿಳ್ಳೆ ಮಾತ್ರ ಆ ಗದ್ದಲವನ್ನು ಸೀಳಿಕೊಂಡು ಹೋಗುತ್ತಿತ್ತು. ಅದಕ್ಕೇ ಅಪ್ಪ ಮನೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಸಿಳ್ಳೆ ಕೊಟ್ಟಿದ್ದ, ಹೆಸರಿನ ಬದಲಿಗೆ. ಯಾರನ್ನು ಕರೆಯಬೇಕೋ ಅವರ ಸಿಳ್ಳೆ ಹಾಕಬೇಕು. ಕೇಳಿಸಿಕೊಂಡವರು ಕರೆದವರ ಸಿಳ್ಳೆಯನ್ನು ತಿರುಗಿ ಹಾಕಬೇಕು. ನಾವು ನಾಲ್ವರಲ್ಲದೆ ಈ ಭೂಮಿಯ ಮೇಲೆ ಅದು ಯಾರಿಗೂ ಬರುವುದಿಲ್ಲ. ನಿನ್ನ ಭಾವ ಎಷ್ಟೋ ಸಲ ಕಲಿಯಲು ನೋಡಿದರು, ಊದಿದರೆ ಕುಕ್ಕರ್ ಕೂಗಿದ ಹಾಗಾಗುತ್ತದೆ.

ಆಫೀಸಿನಲ್ಲಿ ನಾನು ಆ ಫೋನನ್ನೇ ನೋಡುತ್ತ ಕೂತುಬಿಟ್ಟೆ. ಅಮ್ಮ ಮಾತ್ರ ಒಂದಿಷ್ಟೂ ತಡಮಾಡಲಿಲ್ಲ. ಎರಡು ಬೆರಳು ತುಟಿಗಿಟ್ಟು ಅಷ್ಟು ಜನರ ನಡುವೆ ನಿನ್ನ ಸಿಳ್ಳೆ ಹಾಕಿದಳು. ಎಲ್ಲರೂ ತಿರುಗಿ ನೋಡಿದರು. "ನನ್ನನ್ನ ಕರೀತಿದಾನೆ, ನೋಡೇ. ನನ್ನನ್ನೇ ಕರೀತಿದಾನೆ" ಎಂದಳು. ನಿನ್ನ ಕೊನೆಯ ಫೋನು ಬಂದಾಗ ಅಮ್ಮ ಸ್ನಾನಕ್ಕೆ ಹೋಗಿದ್ದಳು, ನೀನು ನನ್ನ ಜೊತೆ ಮಾತಾಡಿ ಇಟ್ಟುಬಿಟ್ಟೆ. ಅಂದಿನಿಂದ ಅವಳಿಗೆ ಅದೊಂದೇ ಕೊರಗು, ಮಗ ಕೊನೆಗೆ ತನ್ನನ್ನು ನೆನೆಸಿಕೊಂಡನೋ ಇಲ್ಲವೋ ಎಂದು. ನೆನೆಸಿಕೊಂಡಿರ್ತಾನಮ್ಮ ಎಂದು ನಾನು ಎಷ್ಟು ಹೇಳಿದರೂ ನನ್ನ ಮಾತು ಅವಳ ಲೆಕ್ಕಕ್ಕೇ ಇರಲಿಲ್ಲ. ಅವತ್ತು ಅವಳ ಮುಖ ನೋಡಬೇಕಿತ್ತು ನೀನು. ಅಷ್ಟು ಬೆಳಕನ್ನು ನಾನು ಆ ಮುಖದಲ್ಲಿ ಕಂಡು ಯಾವ ಕಾಲವಾಗಿತ್ತೋ.

ಆ ಹೆಂಗಸಿಗೆ ನಮ್ಮ ಕಥೆ ಗೊತ್ತಿಲ್ಲ. ಆ ಹಕ್ಕಿ ಕೇಳಿದ್ದನ್ನು ಕಲಿಯುತ್ತದಂತೆ, ಮರಿಗಳು ದೊಡ್ಡವುಗಳಿಂದ ಕಲಿಯುತ್ತವಂತೆ. ಮೊದಲು ಸಿಳ್ಳೆ ಹಾಕಿದವರು ಹೋಗಿ ಎಷ್ಟು ವರ್ಷವಾದರೂ ಅದು ಹಾಗೇ ಉಳಿಯಬಹುದಂತೆ. "ಒಂದೆರಡು ಸಲ ಕೇಳಿದ್ರೆ ಹಿಡಿಯಲ್ಲ, ದಿನಾ ಕೇಳ್ಬೇಕು" ಎಂದಳು. ನಾನು ತಲೆಯಾಡಿಸಿದೆ. ಅಮ್ಮನ ತಲೆಗೆ ಇದ್ಯಾವುದೂ ಇಳಿಯಲಿಲ್ಲ. ಮಂಡಿ ಡಾಕ್ಟರು ದೋಣಿ ಹತ್ತಿಸಬೇಡಿ ಎಂದರು. ಅಮ್ಮ ಜಪ್ಪಯ್ಯ ಎಂದರೂ ಕೇಳಲಿಲ್ಲ, ಮಂಡಿ ಇಲ್ಲೇ ಬಿಟ್ಟು ನಾನು ಹೋಗ್ತೀನಿ ಎಂದಳು. ನಿನ್ನ ಭಾವ ಮೂರು ಸೀಟು ಹಿಡಿದಾಯಿತು.

ಆ ಹೆಂಗಸು ಹಕ್ಕಿಯ ಸದ್ದನ್ನು ನಮ್ಮ ಫೋನಿಗೆ ಕಳಿಸಿದಳು. ಅಲ್ಲಿಂದ ಮನೆ ಮನೆಯಾಗಿ ಉಳಿದಿಲ್ಲ ಕಣೋ. ಎದ್ದ ಕೂಡಲೇ ಅಮ್ಮನಿಗೆ ಅದು ಬೇಕು. ಕೇಳಿ, ಕಿಟಕಿಯ ಹತ್ತಿರ ನಿಂತು ನಿನ್ನ ಸಿಳ್ಳೆ ಹಾಕಿ, ಕತ್ತು ಓರೆ ಮಾಡಿ ಕಾಯುತ್ತಾಳೆ. ನಾನು ಮಿಷನ್ ತುಳಿಯುತ್ತಿರುತ್ತೇನೆ, ಬೆನ್ನ ಹಿಂದೆ ಸಿಳ್ಳೆ ಕೇಳುತ್ತದೆ, ಫೋನೇ ಎಂದು ಗೊತ್ತಿದ್ದೂ ಕಾಲು ನಿಂತುಬಿಡುತ್ತದೆ. ಮೊನ್ನೆ ಬಟ್ಟೆ ಒಣಹಾಕುತ್ತಿದ್ದಾಗ ಕೇಳಿಸಿತು. ಒಳಗೆ ಬಂದು ನೋಡಿದರೆ ಫೋನು ಮೇಜಿನ ಮೇಲೆ ಆರಿಹೋಗಿ ಬಿದ್ದಿದೆ, ಅಮ್ಮ ಗೊರಕೆ ಹೊಡೆಯುತ್ತಿದ್ದಾಳೆ. ನನಗೆ ನಿಜಕ್ಕೂ ಭಯವಾಯಿತು. ನಿನ್ನ ಭಾವನಿಗೆ ಹೇಳಿದ್ದಕ್ಕೆ, ನಿದ್ದೆ ಸಾಲದು ನಿನಗೆ ಎಂದರು. ಆ ರಾತ್ರಿ ಅವರೇ ಮೂರು ಸಲ ಎದ್ದು ಕಿಟಕಿ ನೋಡಿ ಬಂದಿದ್ದು ನನಗೆ ಕಾಣಲಿಲ್ಲವೆಂದು ಅವರ ಎಣಿಕೆ.

ಅಮ್ಮನಿಗೆ ದಪ್ಪನೆಯ ಕೋಟು ಹೊಲಿದೆ. "ಅವನಿಗೂ ಒಂದು ಹೊಲಿ, ಇಷ್ಟು ವರ್ಷದಲ್ಲಿ ದಪ್ಪ ಆಗಿರ್ತಾನೆ, ಸ್ವಲ್ಪ ಸಡಿಲವಾಗೇ ಇರಲಿ" ಎಂದಳು. ಅಮ್ಮ, ಅವನಿಲ್ಲ ಎನ್ನಲು ಬಾಯಿ ತೆರೆದೆ. ನಿನ್ನ ಹಳೆಯ ಅಳತೆಗೆ ಎರಡು ಬೆರಳು ಸೇರಿಸಿ ಕತ್ತರಿಸಿದೆ. ಗುಂಡಿ ಹಾಕುವಾಗ ಅಳು ತಡೆಯಲಾಗಲಿಲ್ಲ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ನಾನೇ ತರುತ್ತೇನೆ. ಅಮ್ಮ ನಿನ್ನ ತಲೆ ಸವರಿ ಹರಸಿದ್ದಾಳೆ ಎಂದುಕೋ. ನಿನ್ನ ಭಾವನಿಗೆ ಆ ಕಡಲಸಿಂಹಗಳ ಎದುರು ಮಾನ ಹೋಗದಂತೆ ಸ್ವಲ್ಪ ನೋಡಿಕೋ. ಗಾಳಿಗೆ ಎದೆಯೊಡ್ಡಿ ನಿಲ್ಲಬೇಡ.

ಇಂತಿ,
ನಿನ್ನ ಜಗಳಗಂಟಿ ಅಕ್ಕ

ತಾ.ಕ.: ಅಮ್ಮ ಏಳುವಷ್ಟರಲ್ಲಿ ಇದೊಂದು ಬರೆದುಬಿಡುತ್ತೇನೆ. ಆ ಸಿಳ್ಳೆ ಅಮ್ಮನದಲ್ಲ. ನಾನು ಹುಟ್ಟಿದಾಗ ಅಪ್ಪ ಹೊಸದು ಹುಡುಕುವ ಗೋಜಿಗೆ ಹೋಗದೆ, ಅಮ್ಮನ ಸಿಳ್ಳೆಗೇ ಕೊನೆಯಲ್ಲಿ ತೆಳ್ಳಗೆ ಮೇಲೇರುವ ಒಂದು ಎಳೆ ಸೇರಿಸಿ ನನಗೆ ಕೊಟ್ಟಿದ್ದನಲ್ಲ. ಅಮ್ಮನ ಕಿವಿಗೆ ಈಗ ಅಷ್ಟು ಸಣ್ಣ ಸದ್ದು ಹತ್ತುವುದಿಲ್ಲ. ಹಕ್ಕಿ ಆ ಎಳೆಯನ್ನು ಒಂದು ಸಲವೂ ಬಿಟ್ಟಿಲ್ಲ. ಅಮ್ಮನಿಗೆ ಹೇಳುವುದಿಲ್ಲ, ಸತ್ತರೂ ಹೇಳುವುದಿಲ್ಲ. ಅಲ್ಲಿ ಅವಳೇ ಉತ್ತರ ಕೊಡಲಿ, ನಾನು ಬಾಯಿ ಬಿಗಿಹಿಡಿದು ಪಕ್ಕದಲ್ಲಿ ನಿಂತಿರುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಆದರೆ ಸಣ್ಣಾ, ದಿನಾ ಕರೆದೆಯೇನೋ ನನ್ನನ್ನ?