ಸಾಹೇಬರ ಮಾತಿಗೆ ಅರ್ಥ ಹೇಳಿದವರಿಗೆ

ಬೇರಿಕೆ,
16-1-1946

ದುಭಾಷಿ ಗುಮಾಸ್ತ ಸುಬ್ಬರಾಮಯ್ಯನವರಿಗೆ,

ಬಿತ್ತನೆ ರಾಗಿ ಮುಟ್ಟುವುದಿಲ್ಲ ಎಂದಿರಿ, ಮುಟ್ಟಿದರು. ಊರೊಳಕ್ಕೆ ಪೊಲೀಸರು ಬರುವುದಿಲ್ಲ ಎಂದಿರಿ, ಬಂದರು. ಸರ್ಕಾರ ಕಡ್ಡಾಯವಾಗಿ ಅಳೆಸಿಕೊಳ್ಳುವ ಲೆವಿ ರಾಗಿಯ ಬಗ್ಗೆ ನಮ್ಮ ಅಹವಾಲು ಕೇಳಿ ಸಾಹೇಬರು ಇಂಗ್ಲಿಷಿನಲ್ಲಿ ಒಂದು ಮಾತು ಹೇಳಿದರು. "ಅರ್ಜಿ ನೋಡ್ತಾರಂತೆ, ಹೋಗ್ರಪ್ಪಾ" ಎಂದು ನೀವು ಅರ್ಥ ಹೇಳಿದಿರಿ. ನಾವು ಚಪ್ಪಾಳೆ ತಟ್ಟಿ ಚದುರಿದೆವು.

ಮೂರನೆಯ ದಿನ ಪೊಲೀಸರು ನಾವು ರಾಗಿ ತುಂಬಿಟ್ಟಿದ್ದ ನೆಲದಡಿಯ ಹಗೇವು ಒಡೆದರು. ಅಡ್ಡ ನಿಂತ ನನ್ನ ತಮ್ಮ ವೆಂಕಟೇಶಪ್ಪನ ತಲೆಯನ್ನು ಬಂದೂಕಿನ ಹಿಂಬದಿಯಿಂದ ಒಡೆದು ಕೊಂದರು. ಬಿಡಿಸಲು ಹೋದ ತಾಯಿಯ ಕೈ ಮುರಿದರು. ರಕ್ತ ಬಿದ್ದ ರಾಗಿಯನ್ನೂ ಮೂಟೆ ಕಟ್ಟಿ ಹೊತ್ತೊಯ್ದರು.

ಅಧಿಕಾರಿಗಳ ಮಾತನ್ನು, ತಿಳಿಯದಿದ್ದರೂ, ಕಿವಿಗೆ ಬಿದ್ದಂತೆಯೇ ಕನ್ನಡದಲ್ಲಿ ಬರೆದಿಡುವುದು ನಮ್ಮ ಸಂಘದ ಪದ್ಧತಿ. ಅವತ್ತಿನ ಸಾಹೇಬರ ಮಾತು ಆ ಪುಸ್ತಕದಲ್ಲಿ "ನಿಪ್ ಇಟ್ ಇನ್ ದಿ ಬಡ್" ಎಂದಿದೆ. ಹೊಸೂರಿನ ಮೇಷ್ಟ್ರೊಬ್ಬರು ಅರ್ಥ ಬಿಡಿಸಿದರು: ತಲೆ ಎತ್ತುವ ಮೊದಲೇ ಹೊಸಕಿಹಾಕಿ. ಅದು ನಿಮಗೆ ಅವತ್ತೇ ಗೊತ್ತಿತ್ತು.

ತಾಯಿ ಪಿಳ್ಳಮ್ಮ ಮುರಿದ ಕೈ ನೋಡಿಕೊಂಡು, "ಅವತ್ತು ಚಪ್ಪಾಳೆ ತಟ್ಟಿದ್ದು ಇದೇ ಕೈ ಕಣ್ಲಾ. ಆವಯ್ಯನ್ನ ಕರ್ಕೊಂಡ್ ಬಾ, ಅವನ ಬಾಯಲ್ಲೇ ಕೇಳ್ಬೇಕು" ಅಂದಳು.

ಬನ್ನಿ. ಆ ಮಾತಿನ ಅರ್ಥವನ್ನು ಅವಳೆದುರು ನೀವೇ ಹೇಳಿ. ಬರದಿದ್ದರೆ ಊರೆಲ್ಲ ಅವಳನ್ನು ಹೊತ್ತು ನಿಮ್ಮ ಕಚೇರಿಗೆ ಬರುತ್ತೇವೆ. ಸಭೆ ಸೇರುವುದು ಆ ಒಡೆದ ಹಗೇವಿನ ಮುಂದೆ, ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ.

ವೆಂಕಟೇಶಪ್ಪನ ಅಣ್ಣ,
ರೈತ ಸಂಘದ ಕಾರ್ಯದರ್ಶಿ ಅಪ್ಪಣ್ಣ